ಇಷ್ಟೊಂದು ನರ್ಸಿಂಗ್ ಕಾಲೇಜು ಇದ್ದರೂ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಯಾಕೆ ನಿಲ್ಲುವುದಿಲ್ಲ?

ನಮ್ಮ ರಾಜ್ಯದಲ್ಲಿ ನರ್ಸಿಂಗ್ ಓದಿದವರಿಗೆ ಬರವಿಲ್ಲ, ಕಾಯಂ ಹುದ್ದೆಗೆ ಬರ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದ ಮೇಲೆ ತುಂಬಾ ಜನ ಗುತ್ತಿಗೆ ಮೇಲೆ ಸೇರಿದರು. ಪಕ್ಕದ ಕಾಯಂ ನರ್ಸ್ ಮಾಡುವ ಕೆಲಸವನ್ನೇ ಮಾಡುತ್ತಾರೆ, ಅದೇ ಇಂಜೆಕ್ಷನ್, ಅದೇ ಹೆರಿಗೆ, ಅದೇ ನೈಟ್ ಡ್ಯೂಟಿ, ಆದರೆ ಸಂಬಳ ಕಡಿಮೆ, ಮೇಲಿಂದ ಗುತ್ತಿಗೆ ಮುಂದುವರಿಯುತ್ತೋ ಇಲ್ಲವೋ ಎಂಬ ಚಿಂತೆ ಬೇರೆ. ಹೀಗಿದ್ದರೆ ಯಾರು ನಿಲ್ಲುತ್ತಾರೆ ಹೇಳಿ?

ನನ್ನ ಅಕ್ಕ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ. ಎಷ್ಟೋ ರಾತ್ರಿ ಎರಡು ವಾರ್ಡಿಗೆ ಅವಳೊಬ್ಬಳೇ. ಇಲ್ಲಿ ಹೆರಿಗೆ ನೋವು ಜಾಸ್ತಿಯಾಗಿರುತ್ತದೆ, ಅಲ್ಲಿ ಗ್ಲೂಕೋಸ್ ಬಾಟಲಿ ಖಾಲಿಯಾಗಿ ರೋಗಿಯ ಕಡೆಯವರು ಕೂಗುತ್ತಿರುತ್ತಾರೆ. ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೂ ರಿಜಿಸ್ಟರ್ ಬರೆಯುತ್ತಾ ಕೂರುತ್ತಾಳೆ. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು ಅನ್ನುತ್ತದೆ ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಅಷ್ಟು ಕೈಗಳು ಎಲ್ಲಿವೆ?

ಅನುಭವ ಸಿಕ್ಕಿದ ಕೂಡಲೇ ಅವಳ ಜೊತೆಯವರು ಇಂಗ್ಲಿಷ್ ಪರೀಕ್ಷೆ ಬರೆದು ಬ್ರಿಟನ್ನಿಗೆ ಹೋದರು, ಇಲ್ಲವೇ ಗಲ್ಫಿಗೆ. ಅವರನ್ನು ದೂರುವುದು ತಪ್ಪು.

ಸುಮ್ನೆ ಹೊಸ ಕಾಲೇಜು ತೆರೆದರೆ ಇದು ಸರಿಹೋಗಲ್ಲ. ಖಾಲಿ ಹುದ್ದೆಗಳನ್ನು ಕಾಯಂ ಆಗಿ ತುಂಬಬೇಕು, ಹಳೇ ಗುತ್ತಿಗೆಯವರ ಸೇವೆಗೆ ನೇಮಕದಲ್ಲಿ ಅಂಕ ಕೊಡಬೇಕು. ಹಳ್ಳಿಗೆ ಹೋಗುವವರಿಗೆ ಆಸ್ಪತ್ರೆ ಆವರಣದಲ್ಲೇ ವಾಸಯೋಗ್ಯ ಕ್ವಾರ್ಟರ್ಸ್ ಬೇಕು, ರಾತ್ರಿ ಗೇಟಿನಲ್ಲಿ ಕಾವಲುಗಾರ ಬೇಕು. ಅಕ್ಕನನ್ನು ಕೇಳಿದರೆ ಅವಳು ಸಂಬಳಕ್ಕಿಂತ ಮೊದಲು ಹೇಳುವುದು ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಕೊಡಿ ಅಂತ.