ಚಾರ್ಮಾಡಿ ಘಾಟಿ ಬಸ್ಸಿನ ಭಯಕ್ಕೆ ಜೋಸೆಫ್ ವೋಲ್ಪಿಯ ವಿಧಾನ ಹೇಗೆ ಕೆಲಸ ಮಾಡುತ್ತದೆ?

ಮೈ ಸಡಿಲವಾಗಿದ್ದಾಗ ಭಯ ಪೂರ್ತಿ ಏರಲಾರದು. ವೋಲ್ಪಿ ಹಿಡಿದದ್ದು ಇದೇ ಎಳೆಯನ್ನು. ದಕ್ಷಿಣ ಆಫ್ರಿಕಾದ ಈ ಮನೋವೈದ್ಯ (1915–1997) ಮೊದಲು ಪರೀಕ್ಷಿಸಿದ್ದು ಬೆಕ್ಕುಗಳ ಮೇಲೆ: ಭಯದ ಜಾಗದಿಂದ ದೂರದಲ್ಲಿ ಆಹಾರ ಕೊಟ್ಟು, ಹಂತಹಂತವಾಗಿ ಹತ್ತಿರ ತಂದರು. ಮನುಷ್ಯರಿಗೆ ಆಹಾರದ ಬದಲು ಸ್ನಾಯು ಸಡಿಲಿಸುವ ಅಭ್ಯಾಸ.

ನಿಮ್ಮ ಭಯಗಳಿಗೆ 0ಯಿಂದ 100ರವರೆಗೆ ಅಂಕ ಕೊಡಿ. ಕೊಟ್ಟಿಗೆಹಾರದಲ್ಲಿ ನಿಂತ ಬಸ್ ನೋಡುವುದು 15 ಇರಬಹುದು. ಮಳೆಗಾಲದ ಮಂಜಿನಲ್ಲಿ, ಕಿಟಕಿ ಪಕ್ಕ ಕೂತು ತಿರುವು ಇಳಿಯುವುದು 95. ಮೈ ಸಡಿಲಿಸಿ, ಅತಿ ಕಡಿಮೆ ಅಂಕದ ಭಯವನ್ನು ಕೆಲವು ಸೆಕೆಂಡು ಕಲ್ಪಿಸಿಕೊಳ್ಳಿ. ಅದು ಕಾಡದಂತಾದ ಮೇಲಷ್ಟೇ ಮುಂದಿನದು. ಕೆಡುವುದು ಎಲ್ಲಿ ಅಂದರೆ, ಒಮ್ಮೆಲೇ 95ಕ್ಕೆ ಹಾರಿ, ಹೆದರಿ ಅರ್ಧ ದಾರಿಯಲ್ಲಿ ಇಳಿದುಬಿಡುವುದರಲ್ಲಿ. ಇಳಿದಾಗಿನ ನೆಮ್ಮದಿಯೇ ಭಯಕ್ಕೆ ಗೊಬ್ಬರ. ಮೆಟ್ಟಿಲು ಎತ್ತರ ಎನಿಸಿದರೆ ನಡುವೆ ಇನ್ನೊಂದು ಸೇರಿಸಿ.