ಹಂತಿ ಪದಕ್ಕೆ ಕೊನೆ ಎಲ್ಲಿ?

ಬೀದರ್‌ನಿಂದ ಸಂಗೀತ ಮಾಸ್ತರರೊಬ್ಬರ ಪತ್ರ: "ಮೊಮ್ಮಗ ತನ್ನ ಹೆಡ್‌ಫೋನ್ ನನ್ನ ಕಿವಿಗೆ ಹಾಕಿ 'ಕೇಳ್ರಿ ಮುತ್ಯಾ' ಅಂದ. ಟಿವಿಯಲ್ಲಿ ಕೆಂಪು ನಿಲುವಂಗಿಯ ಯಾತ್ರಿಕನೊಬ್ಬ ಮರಳಲ್ಲಿ ನಡೆಯುತ್ತಿದ್ದ. ಜೊತೆಗೆ ಸೆಲ್ಲೊ, ಅದೇ ದೊಡ್ಡ ಪಿಟೀಲಿನಂಥದ್ದು. ಆಟದ ಹೆಸರು 'ಜರ್ನಿ' ಅಂತೆ. ಹಿಡಿಸಿತು, ಸುಳ್ಳು ಹೇಳಲ್ಲ. ಆದರೆ ರಾಗ ಎಲ್ಲೂ ಮುಟ್ಟಲೇ ಇಲ್ಲ. ಹಾಡಿಗೆ ತಲೆ ಬುಡ ಬೇಡವೇ?"

ಮಾಸ್ತರೇ, "ಸುಳ್ಳು ಹೇಳಲ್ಲ" ಅಂತ ಬರೆದಿರಲ್ಲ, ಅದರಲ್ಲಿ ಒಂಚೂರು ನಾಚಿಕೆ ಕಾಣುತ್ತದೆ. ಯಾಕೆ ಬೇಕು? ಗೇಮಿನ ಸಂಗೀತ ನಾನು ಮೊದಲು ಕೇಳಿದ್ದು ಆಗಿನ ಗುಲಬರ್ಗಾದಲ್ಲಿ, ಗಂಟೆ ಲೆಕ್ಕದಲ್ಲಿ ಟಿವಿ ಗೇಮ್ ಆಡಿಸುವ ಅಂಗಡಿಯ ಬಾಗಿಲಲ್ಲಿ ನಿಂತು. ಜೇಬಲ್ಲಿ ದುಡ್ಡಿರಲಿಲ್ಲ, ಕೇಳೋದು ಪುಕ್ಕಟೆ. ಒಳಗೆ ಮಾರಿಯೊ ಓಡುತ್ತಿದ್ದ. ಕರೆಂಟ್ ಹೋಯಿತು, ಹುಡುಗರು ಬೈಯುತ್ತ ಎದ್ದರು. ನನ್ನ ತಲೆಯೊಳಗಿನ ಟ್ಯೂನ್ ಮಾತ್ರ ನಿಲ್ಲಲಿಲ್ಲ. ಮನೆ ತನಕ ಅದನ್ನೇ ಗುನುಗಿದೆ. "ಏನ್ ಹುಚ್ಚ್ ಹಿಡದದ ನಿನಗ?" ಅಂದಳು ಅವ್ವ.

ಆ ಟ್ಯೂನ್ ಕಟ್ಟಿದವರು ಜಪಾನಿನ ಕೋಜಿ ಕೊಂಡೊ, 1985ರಲ್ಲಿ. ಆಗಿನ ಆ ಗೇಮ್ ಯಂತ್ರಕ್ಕೆ ಇದ್ದದ್ದೇ 5 ದನಿ. ಸಂಗೀತವೂ ಅದರಲ್ಲೇ, ಹಾರುವ ಬೀಳುವ ಸದ್ದೂ ಅದರಲ್ಲೇ. ಹಾಗಾಗಿ ಮಾರಿಯೊ ಒಮ್ಮೆ ಹಾರಿದರೆ ಜೊತೆಯ ದನಿಯೊಂದು ಆ ಕ್ಷಣ ಬಾಯಿ ಮುಚ್ಚುತ್ತದೆ. ಗಮನವಿಟ್ಟು ಕೇಳಿ, ಗೊತ್ತಾಗುತ್ತದೆ. ಆಟದಲ್ಲಿ ಉಳಿದ ಸಮಯ ತೋರಿಸುವ ಗಡಿಯಾರ 100ಕ್ಕೆ ಇಳಿದರೆ ಅದೇ ಟ್ಯೂನ್ ದುಡುಕಿ ಓಡುತ್ತದೆ. ಮಂಗಳಾರತಿ ಹತ್ತಿರ ಬಂದಾಗ ನಮ್ಮ ಭಜನೆಯ ತಾಳ ಏರುತ್ತದಲ್ಲ, ಹಾಗೆ.

ಈಗ ನಿಮ್ಮ ಪ್ರಶ್ನೆ. ಹಂತಿ ಪದ ನೀವು ಕೇಳಿರದೆ ಇರುತ್ತೀರಾ? ರಾತ್ರಿ ಕಣ, ನಡುವೆ ಮೇಟಿ ಕಂಬ, ಸುತ್ತ ತೆನೆ ತುಳಿಯುವ ಎತ್ತುಗಳು, ಹಿಂದೆ ಹಾಡುವವನು. ಆ ಪದ ಎಷ್ಟು ಉದ್ದ? ತೆನೆ ಇರುವಷ್ಟು. ಎತ್ತು ಇನ್ನೊಂದು ಸುತ್ತು ಬಂದರೆ ಹಾಡೂ ಇನ್ನೊಂದು ಸುತ್ತು. ಯಾರೂ ಅದಕ್ಕೆ ಬುಡ ಎಲ್ಲಿ ಅಂತ ಕೇಳಲಿಲ್ಲ. ಸಿನಿಮಾ ಸಂಗೀತದವರಿಗೆ ದೃಶ್ಯ ಎಷ್ಟು ಸೆಕೆಂಡ್ ಅಂತ ಮೊದಲೇ ಗೊತ್ತು. ಗೇಮಿಗೆ ಬರೆಯುವವರಿಗೆ ಆ ಸುಖ ಇಲ್ಲ. ಹುಡುಗ ನೀರು ಕುಡಿಯಲು ಎದ್ದು ಹೋದರೂ ಸಂಗೀತ ಅಲ್ಲೇ ಸುತ್ತುತ್ತ ಕಾಯಬೇಕು. ತಿರುಗಿ ಮೊದಲಿಗೆ ಬಂದದ್ದು ಕಿವಿಗೆ ತಿಳಿಯಲೂಬಾರದು. ಕಷ್ಟ ಇರೋದು ಅಲ್ಲೇ. ಕಚ್ಚಾ ಕೈಯವರು ಮಾಡಿದ್ದು ಹತ್ತು ನಿಮಿಷಕ್ಕೆ ತಲೆ ತಿನ್ನುತ್ತದೆ, ಅಂಥವೂ ಬೇಕಾದಷ್ಟಿವೆ.

ನಿಮ್ಮ ಕಿವಿಗೆ ಬಿದ್ದ 'ಜರ್ನಿ' ಸಂಗೀತ ಆಸ್ಟಿನ್ ವಿಂಟರಿ ಅವರದು. ಆಟ 2012ರದು. ಆ ಸೆಲ್ಲೊ ಅಂದರೆ ಆಡುತ್ತಿರುವವನೇ, ನಿಮ್ಮ ಮೊಮ್ಮಗನೇ. ಅವನು ಮುಂದಿನ ಜಾಗಕ್ಕೆ ಕಾಲಿಟ್ಟರೆ ಸಂಗೀತವೂ ಹೊರಳುತ್ತದೆ. ಇದರ ಆಲ್ಬಮ್ ಬೇರೆ ಬಂದಿದೆ, ಗ್ರ್ಯಾಮಿ ಪ್ರಶಸ್ತಿಗೂ ನಾಮನಿರ್ದೇಶನಗೊಂಡಿತ್ತು. ಅದರಲ್ಲಿ ತಲೆ ಬುಡ ಎರಡೂ ಸಿಗುತ್ತವೆ. ಆದರೆ ನನ್ನ ಮಾತು ಕೇಳಿದರೆ ಆಲ್ಬಮ್ ಆಮೇಲೆ. ಇಡೀ ಆಟ ಸುಮಾರು 2 ಗಂಟೆ ಅಷ್ಟೆ. ಒಂದು ಭಾನುವಾರ ಮೊಮ್ಮಗನ ಪಕ್ಕ ಕೂತು, ಆ ಯಾತ್ರಿಕ ಬೆಟ್ಟದ ತುದಿ ಮುಟ್ಟುವ ತನಕ ಕೇಳಿ. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು ಕೂತಾಗ ಯಾವ ರಾಗ ಅನ್ನಿಸಿತು, ಬರೆಯಿರಿ.

– ಸಂ.