ಮಂಗಳವಾರದ ಮ್ಯಾಟಿನಿಗೆ ಯಾರು ಬರುತ್ತಾರೆ?

ಊರಿನ ಟಾಕೀಸ್‌ಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಡುತ್ತಿರುವವರು ತಿಪಟೂರು ಕಡೆಯ ಒಬ್ಬ ನಿವೃತ್ತ ಪ್ರೊಜೆಕ್ಟರ್ ಆಪರೇಟರ್.

ಪ್ರಶ್ನೆ: ನಮ್ಮೂರಿನ ಒಂದೇ ಒಂದು ಟಾಕೀಸ್ 2020ರಲ್ಲಿ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಮಾಲೀಕರು ಕೆಡವಿ ಕಲ್ಯಾಣ ಮಂಟಪ ಕಟ್ಟುತ್ತೇನೆ ಅಂತಿದ್ದಾರೆ. ನಾವು ನಾಲ್ಕು ಜನ ಗೆಳೆಯರು ಐದು ವರ್ಷಕ್ಕೆ ಲೀಸ್‌ಗೆ ಹಿಡಿಯೋಣ ಅಂತಿದ್ದೇವೆ. ಕೈ ಸುಟ್ಟುಕೊಳ್ಳುತ್ತೇವಾ ಸರ್?
(ಕಡೂರು ಕಡೆಯ ಓದುಗರು)

ಉತ್ತರ: ತಮ್ಮಂದಿರಾ, ಸ್ಟಾರ್ ಸಿನಿಮಾದ ಮೊದಲ ಶುಕ್ರವಾರ ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ. ಅವತ್ತು ನಾಯಿಗೂ ಟಿಕೆಟ್ ಸಿಗುವುದಿಲ್ಲ. ಮಂಗಳವಾರ ಮಧ್ಯಾಹ್ನದ ಮ್ಯಾಟಿನಿಗೆ ಯಾರು ಬರುತ್ತಾರೆ ಅಂತ ಹಾಳೆಯ ಮೇಲೆ ಬರೆಯಿರಿ. ಅಲ್ಲಿ ಏನೂ ಬರೆಯಲು ಆಗದಿದ್ದರೆ ಹಾಳೆ ಮಡಚಿ ಜೇಬಿಗಿಡಿ.

ನಾನು ಕೆಲಸಕ್ಕೆ ಸೇರಿದ್ದು 1978ರಲ್ಲಿ, ಟೆಂಟ್ ಸಿನಿಮಾದಲ್ಲಿ ರೀಲು ಸುತ್ತುವ ಹುಡುಗನಾಗಿ. ಆಗ ಮಂಗಳವಾರಕ್ಕೂ ಜನ ಇದ್ದರು. ಕೊಬ್ಬರಿ ಹರಾಜಿಗೆ ಬಂದವರು, ಕೋರ್ಟಿನಲ್ಲಿ ವಾಯಿದೆ ಬಿದ್ದವರು, ಬಸ್ಸು ತಪ್ಪಿದವರು, ಕಾಲೇಜು ತಪ್ಪಿಸಿದವರು. ಇವರು ಯಾವ ಸಿನಿಮಾ ಅಂತ ನೋಡುತ್ತಿರಲಿಲ್ಲ. ಮೂರು ಗಂಟೆ ನೆರಳಲ್ಲಿ ಕೂರಲು ಬರುತ್ತಿದ್ದರು. ಟಾಕೀಸ್ ಬದುಕಿದ್ದು ಇಂಥವರ ಚಿಲ್ಲರೆ ಕಾಸಿನಿಂದ.

ಟಿವಿ ಬಂದು ಟಾಕೀಸ್ ಸತ್ತಿತು, ಮೊಬೈಲ್ ಬಂದು ಸತ್ತಿತು ಅಂತ ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ರೀಲಿನ ಬಾಕ್ಸ್ ಬಿಡಿಸುವ ನಾವು ಕಂಡದ್ದು ಇನ್ನೊಂದಿದೆ. ಹಿಂದೆ ಪ್ರಿಂಟ್, ಅಂದರೆ ಸಿನಿಮಾದ ರೀಲುಗಳು, ಮೊದಲು ಬೆಂಗಳೂರು, ಮೈಸೂರು, ದಾವಣಗೆರೆಯಲ್ಲಿ ಓಡುತ್ತಿತ್ತು. ಆಮೇಲೆ ಬಿ ಸೆಂಟರ್, ಅಂದರೆ ಮಧ್ಯಮ ಗಾತ್ರದ ಊರುಗಳು. ನಮ್ಮಂಥ ಸಣ್ಣ ಊರಿಗೆ, ಸಿ ಸೆಂಟರ್‌ಗೆ, ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತಿದ್ದವು, ಗೆರೆಗಳು ಬಿದ್ದು ಪರದೆಯಲ್ಲಿ ಮಳೆ ಸುರಿಯುತ್ತಿತ್ತು. ಆದರೆ ಬಾಡಿಗೆ ಕಡಿಮೆ. ‘ಬೆಂಗಳೂರಿನಲ್ಲಿ ನೂರು ದಿನ’ ಅಂತ ಪೋಸ್ಟರ್ ಮೇಲೆ ಒಂದು ಚೀಟಿ ಅಂಟಿಸಿದರೆ ಪ್ರಚಾರ ಮುಗಿಯಿತು. ನೆಗೆದುಬಿದ್ದ ಸಿನಿಮಾ ನಮ್ಮವರೆಗೆ ಬರುತ್ತಲೇ ಇರಲಿಲ್ಲ. ದೊಡ್ಡ ಊರಿನವರು ಜರಡಿ ಹಿಡಿದು, ಉಳಿದ ಕಾಳು ನಮಗೆ ಕಳಿಸುತ್ತಿದ್ದರು.

ಡಿಜಿಟಲ್ ಬಂದ ಮೇಲೆ ಬೆಂಗಳೂರಿನ ದಿನವೇ ನಮ್ಮೂರಲ್ಲೂ ಬಿಡುಗಡೆ. ನಾವೂ ಪಟಾಕಿ ಹೊಡೆದೆವು. ಆಮೇಲೆ ಗೊತ್ತಾಯಿತು. ಶುಕ್ರವಾರ ಬೆಳಗಿನ ಆಟ ಮುಗಿಯುವ ಮೊದಲೇ ಸಿನಿಮಾ ಚೆನ್ನಾಗಿಲ್ಲ ಅಂತ ಊರಿಗೆಲ್ಲ ಸುದ್ದಿ. ಸೋಮವಾರಕ್ಕೆ ಅದು ಸತ್ತ ಸಿನಿಮಾ. ಜರಡಿ ಹಿಡಿಯುವ ಕೆಲಸ ನಮ್ಮ ತಲೆಗೇ ಬಂತು, ಜೊಳ್ಳಿನ ನಷ್ಟವೂ ನಮಗೇ ಬಂತು.

ನಮ್ಮ ಟಾಕೀಸ್ 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಬಾಗಿಲು ಹಾಕಿತು. ಅಕ್ಟೋಬರ್‌ನಲ್ಲಿ ಅರ್ಧ ಸೀಟಿಗೆ ಅನುಮತಿ ಬಂತು, ಹಾಕಲು ಹೊಸ ಸಿನಿಮಾ ಇರಲಿಲ್ಲ. ಆಮೇಲೆ ಎರಡನೇ ಅಲೆ. 2022ರಲ್ಲಿ ಯಜಮಾನರ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಬೀಗ ತೆಗೆದಾಗ ಸ್ಪೀಕರ್ ವೈರನ್ನು ಇಲಿ ಕಡಿದಿತ್ತು. ಬಾಲ್ಕನಿಯಲ್ಲಿ ಪಾರಿವಾಳ ಸಂಸಾರ ಹೂಡಿತ್ತು. ನನ್ನನ್ನು ಮನೆಯಿಂದ ಕರೆಸಿ, “ಅಂಕಲ್, ಇದನ್ನ ಮತ್ತೆ ಓಡಿಸೋಣ” ಅಂದ. ನಾನು ಬೇಡ ಅಂದೆ. ಮಾರನೇ ದಿನ ಪೊರಕೆ ಹಿಡಿದುಕೊಂಡು ಹೋದೆ.

ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ‘ಕಾಂತಾರ’ ಬಂತು. ಹತ್ತು ವರ್ಷದಿಂದ ಟಾಕೀಸ್ ಮೆಟ್ಟಿಲು ಹತ್ತದ ಮುದುಕರು ಟ್ರ್ಯಾಕ್ಟರ್‌ನಲ್ಲಿ ಬಂದರು. ಗೆದ್ದೆವು ಅಂದುಕೊಂಡೆವು. ಮುಂದಿನ ತಿಂಗಳುಗಳಲ್ಲಿ ಒಂದು ಆಟಕ್ಕೆ ಏಳು ಜನ, ಒಂಬತ್ತು ಜನ. ಏಳು ಜನಕ್ಕೂ ಅದೇ ದೀಪ, ಅದೇ ಫ್ಯಾನು, ಅದೇ ಸಂಬಳ. ಒಂದು ದಿನ ನಾಲ್ಕೇ ಜನ ಬಂದಿದ್ದರು, ದುಡ್ಡು ವಾಪಸ್ ಕೊಟ್ಟು ಕಳಿಸಿದೆವು. ಹದಿನಾಲ್ಕು ತಿಂಗಳಿಗೆ ಮತ್ತೆ ಬೀಗ.

ಈಗ ಮೂರನೇ ಸಲ ತೆರೆದಿದ್ದೇವೆ, ಸ್ವಲ್ಪ ಬುದ್ಧಿ ಕಲಿತು. ಕೆಳಗಿನ ಬೆಂಚು ತೆಗೆದು ಸೀಟು ಅರ್ಧಕ್ಕಿಂತ ಕಡಿಮೆ ಮಾಡಿದೆವು. ಆಟ ಶುಕ್ರ, ಶನಿ, ಭಾನು ಮಾತ್ರ. ಹಬ್ಬ, ಜಾತ್ರೆ ಬಂದರೆ ಪೂರ್ತಿ ವಾರ. ಉಳಿದ ದಿನ ಅನುಮತಿ ಕೇಳಿಕೊಂಡು ಶಾಲೆಯ ವಾರ್ಷಿಕೋತ್ಸವಕ್ಕೋ ಸಂಘದ ಸಭೆಗೋ ಬಾಡಿಗೆ ಕೊಡುತ್ತೇವೆ. ಮಂಗಳವಾರದ ಮ್ಯಾಟಿನಿಯನ್ನೇ ಕೊಂದುಬಿಟ್ಟೆವು ಅನ್ನಿ. ಲಾಭ ಇಲ್ಲ, ಆದರೆ ಕೈಯಿಂದ ಹಾಕುವುದು ನಿಂತಿದೆ.

ಲೀಸ್‌ಗೆ ಸಹಿ ಹಾಕುವ ಮೊದಲು ಪರವಾನಗಿ ಜೀವಂತವಾಗಿದೆಯಾ ನೋಡಿ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಅದು ಜಿಲ್ಲಾಧಿಕಾರಿಗಳ ಕೈಯಲ್ಲಿದೆ. ಅಗ್ನಿಶಾಮಕದವರು, ವಿದ್ಯುತ್ ಪರಿವೀಕ್ಷಕರು ಬಂದು ನೋಡಬೇಕು. ಬಾಗಿಲು ಹಾಕಿದ್ದರೂ ಕರೆಂಟ್ ಬಿಲ್ಲಿನ ನಿಗದಿತ ಶುಲ್ಕ ಬೆಳೆಯುತ್ತಾ ಇರುತ್ತದೆ, ಆ ಹಳೇ ಬಾಕಿ ಯಾರದ್ದು ಅಂತ ಕರಾರಿನಲ್ಲೇ ಬರೆಸಿ. ಕ್ಯಾಂಟೀನು, ಗಾಡಿ ಸ್ಟ್ಯಾಂಡು ಮಾಲೀಕರಿಗೇ ಅಂದರೆ ಎದ್ದು ಬನ್ನಿ. ಟಿಕೆಟ್ ದುಡ್ಡಿನಲ್ಲಿ ಹಂಚಿಕೆದಾರರ ಪಾಲು ಹೋಗುತ್ತದೆ, ಪಾಪ್‌ಕಾರ್ನ್ ದುಡ್ಡು ಪೂರ್ತಿ ನಿಮ್ಮದು.

ಪ್ರಶ್ನೆ: ಎಲ್ಲ ಗಂಡಸರೂ ಟಾಕೀಸ್ ನೆನೆದು ಕಣ್ಣೀರು ಹಾಕುತ್ತೀರಿ. ನನಗೆ ನೆನಪಾಗುವುದು ಬೀಡಿ ಹೊಗೆ, ತಿಗಣೆ, ಚಿಲಕವಿಲ್ಲದ ಶೌಚಾಲಯ. ಮುಚ್ಚಿದ್ದೇ ಒಳ್ಳೆಯದಾಯಿತು ಅಲ್ವಾ?
(ಹೊಸದುರ್ಗದ ಓದುಗರು)

ಉತ್ತರ: ತಾಯೀ, ನಿಮ್ಮ ಪತ್ರವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. “ನಾನೇ ಬರೆದಂಗಿದೆ” ಅಂದಳು.

ಆಪರೇಟರ್ ಹೆಂಡತಿ ಅಂತ ಅವಳಿಗೆ ಯಾವ ಆಟಕ್ಕೂ ಟಿಕೆಟ್ ಬೇಕಿರಲಿಲ್ಲ. ಆದರೂ ಇಷ್ಟು ವರ್ಷದಲ್ಲಿ ಅವಳು ಬಂದದ್ದು ಬೆರಳೆಣಿಕೆಯಷ್ಟು ಸಲ. ಸಿನಿಮಾ ಇಷ್ಟ ಇಲ್ಲ ಅಂದುಕೊಂಡಿದ್ದೆ. ಯಾಕೆ ಬರಲ್ಲ ಅಂತ ನಾನು ಬಾಯಿಬಿಟ್ಟು ಕೇಳಿದ್ದು 2022ರಲ್ಲಿ! ಮೂರು ಗಂಟೆ ಕೂರಬೇಕು ಅಂದರೆ ಬೆಳಿಗ್ಗೆಯಿಂದ ನೀರು ಕುಡಿಯದೆ ಬರಬೇಕಿತ್ತು ಅಂದಳು. ನಾನು ಮೇಲೆ ಕ್ಯಾಬಿನ್‌ನಲ್ಲಿ ದೀಪ ಸರಿಮಾಡುತ್ತಾ ಇದ್ದವನು, ಕೆಳಗೆ ಇಂಥದ್ದೊಂದು ಕಷ್ಟ ಇದೆ ಅಂತ ತಲೆಗೇ ಹೋಗಿರಲಿಲ್ಲ.

1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಹೆಂಗಸರು ಟಾಕೀಸ್ ಬಿಟ್ಟರು ಅಂತ ನಮ್ಮ ಯಜಮಾನರು ಬೈಯುತ್ತಿದ್ದರು. ಟಿವಿ ಇದ್ದ ಮನೆಯಲ್ಲಿ ಬಚ್ಚಲಿಗೆ ಬಾಗಿಲೂ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ವ್ಯಾಪಾರದ ಮಾತನ್ನೇ ಹೇಳುವುದಾದರೂ, ಗಂಡಸು ಬಂದರೆ ಒಂದು ಟಿಕೆಟ್. ಹೆಂಗಸು ಹೊರಟರೆ ಅತ್ತೆ, ಮಕ್ಕಳು, ಪಕ್ಕದ ಮನೆಯವರು ಸೇರಿ ಆರು.

ಮೂರನೇ ಸಲ ತೆರೆಯುವಾಗ ಇದಕ್ಕೇ ಜಗಳ ಆಯಿತು. ಯಜಮಾನರ ಮಗ ಮೊದಲು ಹೊಸ ಸೌಂಡ್ ಹಾಕಿಸೋಣ ಅಂದ. ನಾನು ಮೊದಲು ಶೌಚಾಲಯ ಅಂದೆ. ಎರಡು ದಿನ ಮಾತು ಬಿಟ್ಟೆವು. ಕೊನೆಗೆ ಅವನ ತಾಯಿ ನನ್ನ ಕಡೆ ನಿಂತರು. ಹೊಸ ಟೈಲ್ಸು, ಚಿಲಕ, ನೀರಿನ ಟ್ಯಾಂಕು, ಹೆಂಗಸರ ಕಡೆ ಒಬ್ಬ ಹೆಂಗಸೇ ಕೆಲಸಕ್ಕೆ. ಸೌಂಡ್ ಇನ್ನೂ ಹಳೆಯದೇ. ಹೊಸದುರ್ಗ ನಮಗೆ ದೂರವಲ್ಲ, ಒಂದು ಸಲ ನೋಡಿ ಬೈಯಿರಿ.

ಪ್ರಶ್ನೆ: ಕೆಳಗಿನ ದರ್ಜೆಗೆ ‘ಗಾಂಧಿ ಕ್ಲಾಸ್’ ಅಂತ ಹೆಸರು ಯಾಕೆ?
(ಅರಸೀಕೆರೆಯ ಕಾಲೇಜು ವಿದ್ಯಾರ್ಥಿ)

ಉತ್ತರ: ಗಾಂಧೀಜಿ ರೈಲಿನಲ್ಲಿ ಮೂರನೇ ದರ್ಜೆಯಲ್ಲಿ ಓಡಾಡಿದವರಲ್ಲವೇ, ಅದಕ್ಕೆ ಅಂತ ನಮ್ಮ ಹಿರಿಯ ಆಪರೇಟರ್ ಹೇಳಿಕೊಟ್ಟಿದ್ದರು. ಟೆಂಟಿನಲ್ಲಿ ಅದು ಬರೀ ಮರಳು. ಗುಡ್ಡೆ ಮಾಡಿಕೊಂಡು ಕೂರಬೇಕು, ಹಿಂದಿನವನು ಒದ್ದರೆ ಗುಡ್ಡೆ ಹೋಯಿತು. ಶಿಳ್ಳೆ ಹೊಡೆಯುವ ಹಕ್ಕು ಮಾತ್ರ ಪೂರ್ತಿ ಅವರದೇ.

ಪ್ರಶ್ನೆ: ಒಂದು ರೀಲು ಮುಗಿದು ಇನ್ನೊಂದು ಶುರುವಾಗುವುದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹೇಗೆ ಮಾಡುತ್ತಿದ್ದಿರಿ?
(ತುರುವೇಕೆರೆಯ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದವರಲ್ಲಿ ನೀವೇ ಮೊದಲಿಗರು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಫಿಲಂ ಒಂದು ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ಒಂದು ಅಡಿಗೆ 16 ಚಿತ್ರ. ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ. ಎರಡೂವರೆ ಗಂಟೆ ಸಿನಿಮಾ ಅಂದರೆ ಹದಿಮೂರೂವರೆ ಸಾವಿರ ಅಡಿ. ಎರಡೆರಡು ರೀಲು ಜೋಡಿಸಿ ದೊಡ್ಡ ಸ್ಪೂಲಿಗೆ ಸುತ್ತಿಕೊಳ್ಳುತ್ತಿದ್ದೆವು. ಕ್ಯಾಬಿನ್‌ನಲ್ಲಿ ಎರಡು ಪ್ರೊಜೆಕ್ಟರ್. ಒಂದು ಓಡುವಾಗ ಇನ್ನೊಂದಕ್ಕೆ ಮುಂದಿನ ಸ್ಪೂಲು ಏರಿಸಿ ಕಾಯಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಕಣ್ಣು ಮಿಟುಕಿಸಿದಂತೆ ಒಂದು ಚುಕ್ಕೆ ಬರುತ್ತದೆ. ಅದು ಬಂದ ಕೂಡಲೇ ಎರಡನೇ ಯಂತ್ರದ ಮೋಟಾರ್ ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಮೊದಲ ಯಂತ್ರದ ಬೆಳಕಿನ ಕಿಟಕಿ ಮುಚ್ಚಿ ಎರಡನೆಯದರ ಕಿಟಕಿ ತೆಗೆಯಬೇಕು. ಚುಕ್ಕೆ ಮಸುಕಾದ ಹಳೇ ಪ್ರಿಂಟ್‌ಗಳಲ್ಲಿ ಆಪರೇಟರ್‌ಗಳು ಮೊಳೆಯಿಂದ ಕೆರೆದು ಗುರುತು ಮಾಡಿಕೊಳ್ಳುತ್ತಿದ್ದರು. ನಾನೂ ಕೆರೆದಿದ್ದೇನೆ. ತಪ್ಪು, ಆದರೆ ಬೇರೆ ದಾರಿ ಇರಲಿಲ್ಲ.

ಬೆಳಕಿಗೆ ಬಲ್ಬ್ ಇರಲಿಲ್ಲ. ತಾಮ್ರ ಲೇಪಿಸಿದ ಎರಡು ಕಾರ್ಬನ್ ಕಡ್ಡಿ. ತುದಿಗೆ ತುದಿ ತಾಗಿಸಿ ಸ್ವಲ್ಪ ಸರಿಸಿದರೆ ನಡುವೆ ಸೂರ್ಯ ಹುಟ್ಟಿದ ಹಾಗೆ ಬೆಳಕು. ಉರಿದಂತೆ ಕಡ್ಡಿ ಸವೆಯುತ್ತದೆ, ಸಂದು ದೊಡ್ಡದಾಗುತ್ತದೆ, ಪರದೆ ಹಳದಿಗೆ ತಿರುಗುತ್ತದೆ. ಕೈಯಲ್ಲಿ ತಿರುಗಿಸಿ ತಿರುಗಿಸಿ ಹತ್ತಿರ ತರಬೇಕು. ಒಂದು ನಿಮಿಷ ಟೀ ಕುಡಿಯಲು ತಿರುಗಿದರೆ ಕೆಳಗಿನಿಂದ “ಲೇ ಆಪರೇಟರ್!” ಅಂತ ಕೂಗು. ಆಟ ಚೆನ್ನಾಗಿ ನಡೆದ ದಿನ ಯಾರೂ ನಮ್ಮ ಹೆಸರು ಎತ್ತುತ್ತಿರಲಿಲ್ಲ.

ಒಂದೇ ಪ್ರಿಂಟಿನಲ್ಲಿ ಎರಡು ಊರಿನ ಟಾಕೀಸ್ ನಡೆಸಿದ್ದೂ ಇದೆ. ಪಕ್ಕದ ಊರಿನಲ್ಲಿ ಆಟ ಮೊದಲು ಶುರು. ಮುಗಿದ ರೀಲನ್ನು ಹುಡುಗ ಸೈಕಲ್ಲಿನಲ್ಲಿ ತರಬೇಕು. ಒಂದು ಸಲ ಸೈಕಲ್ ಪಂಚರ್ ಆಗಿ, ಮದುವೆ ಸೀನ್ ಆದ ಮೇಲೆ ಇಪ್ಪತ್ತು ನಿಮಿಷ ಕತ್ತಲು. ಜನ ಕಾದರು. ಈಗ ಸರ್ವರ್‌ನಲ್ಲಿ ಸಿನಿಮಾ ಮೊದಲೇ ಬಂದು ಕೂತಿರುತ್ತದೆ, ಆದರೆ ಅದನ್ನು ತೆರೆಯಲು ಗಂಟೆ ಲೆಕ್ಕದ ಡಿಜಿಟಲ್ ಕೀ ಬೇಕು. ಕಳೆದ ವರ್ಷ ಒಂದು ಶುಕ್ರವಾರ ಆ ಕೀ ಬರಲೇ ಇಲ್ಲ. ಯಜಮಾನರ ಮಗ ಫೋನ್ ಮಾಡಿದ, ಮೇಲ್ ಮಾಡಿದ. ಜನ ಹತ್ತು ನಿಮಿಷ ಕಾದು ದುಡ್ಡು ವಾಪಸ್ ತೆಗೆದುಕೊಂಡು ಹೋದರು. ಪಂಚರ್ ಆಗಿದ್ದರೆ ನಾನೇ ಹೋಗಿ ತರುತ್ತಿದ್ದೆ.

ಪ್ರಶ್ನೆ: 200 ರೂಪಾಯಿ ಟಿಕೆಟ್ ಮಿತಿ, ಜಿಎಸ್‌ಟಿ ಇಳಿಕೆ, ಇವುಗಳಿಂದ ಊರಿನ ಟಾಕೀಸ್‌ಗೆ ಅನುಕೂಲ ಆಯಿತೇ?
(ತುಮಕೂರಿನ ಓದುಗರು)

ಉತ್ತರ: 200ರ ಮಿತಿಯನ್ನು ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತಂದಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದು ಮಾಲ್‌ನವರ ಜಗಳ. ನಮ್ಮಲ್ಲಿ ಟಿಕೆಟ್ 80 ರೂಪಾಯಿ. 200 ಕೇಳಿದರೆ ಗೇಟನ್ನೇ ಕಿತ್ತುಕೊಂಡು ಹೋಗುತ್ತಾರೆ.

ಜಿಎಸ್‌ಟಿಯದು ಬೇರೆ ಮಾತು. ಹಿಂದೆ ಕನ್ನಡ ಸಿನಿಮಾಕ್ಕೆ ರಾಜ್ಯದಲ್ಲಿ ಮನರಂಜನಾ ತೆರಿಗೆ ಇರಲಿಲ್ಲ. 2017ರ ಜುಲೈನಲ್ಲಿ ಏಕಾಏಕಿ 100 ರೂಪಾಯಿ ಒಳಗಿನ ಟಿಕೆಟ್‌ಗೂ ಶೇಕಡಾ 18 ಬಿತ್ತು. 2019ರಲ್ಲಿ ಅದು 12ಕ್ಕೆ ಇಳಿಯಿತು, 2025ರ ಸೆಪ್ಟೆಂಬರ್ 22ರಿಂದ 5. ನಮ್ಮ 80 ರೂಪಾಯಿಯ ಮೇಲೆ 9 ರೂಪಾಯಿ 60 ಪೈಸೆ ಇದ್ದದ್ದು 4 ರೂಪಾಯಿ ಆಯಿತು. ಒಳ್ಳೆಯದೇ. ಆದರೆ ಐದೂವರೆ ರೂಪಾಯಿ ಉಳಿಯಿತು ಅಂತ ಯಾರೂ ಸಿನಿಮಾಕ್ಕೆ ಬರುವುದಿಲ್ಲ.

ಪ್ರಶ್ನೆ: ಹೆಗ್ಗೋಡಿನಂತೆ ನಮ್ಮ ಊರುಗಳಲ್ಲೂ ಚಿತ್ರಸಮಾಜ, ಅಂದರೆ ಒಳ್ಳೆಯ ಸಿನಿಮಾ ತೋರಿಸುವ ಸಂಘ, ಮಾಡಿ ಟಾಕೀಸ್ ಉಳಿಸಬಹುದಲ್ಲವೇ?
(ಸಾಗರದ ಓದುಗರು)

ಉತ್ತರ: ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರ ಮುಂದೆ ಪ್ರಪಂಚದ ಸಿನಿಮಾಗಳನ್ನು ತಂದಿಟ್ಟರು. ಸಿನಿಮಾ ನೋಡುವುದು ಹೇಗೆ ಅಂತ ಶಿಬಿರಗಳನ್ನೂ ಮಾಡಿದರು. ನಮ್ಮ ಯಜಮಾನರ ಮಗನೂ ಆ ಆಸೆಯಿಂದ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹಳೇ ಸಿನಿಮಾ ಹಾಕುತ್ತಿದ್ದಾನೆ, ಹಕ್ಕಿನವರ ಅನುಮತಿ ಪಡೆದು. ಬರುವವರು ಮೂವತ್ತು, ನಲವತ್ತು ಜನ. ಕರೆಂಟ್ ಬಿಲ್ಲಿಗೆ ಸಾಲದು. ಆದರೆ ಆಟ ಮುಗಿದ ಮೇಲೂ ಜನ ಎದ್ದು ಹೋಗದೆ ಮೆಟ್ಟಿಲ ಮೇಲೆ ಕೂತು ವಾದ ಮಾಡುತ್ತಾರೆ. ಕ್ಯಾಂಟೀನಿನಲ್ಲಿ ವಡೆ ಖಾಲಿ. ಸುಬ್ಬಣ್ಣನವರಿಗೆ ಇದ್ದದ್ದು ಟಾಕೀಸ್ ಉಳಿಸುವ ಚಿಂತೆ ಅಲ್ಲ, ಜನರ ಚಿಂತೆ. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಮೋಸ ಹೋಗುತ್ತೀರಿ.

ಪ್ರಶ್ನೆ: ನಿಮ್ಮ ಹಳೇ ಪ್ರೊಜೆಕ್ಟರ್‌ಗಳು ಈಗ ಎಲ್ಲಿವೆ? ಮಗನಿಗೆ ತೋರಿಸಬೇಕಿತ್ತು.
(ಗುಬ್ಬಿಯ ಓದುಗರು)

ಉತ್ತರ: ಒಂದು ಗುಜರಿಗೆ ಹೋಯಿತು, ಕಿಲೋ ಲೆಕ್ಕದಲ್ಲಿ. ತೂಕ ಹಾಕುವಾಗ ನಾನು ಅಲ್ಲಿರಲಿಲ್ಲ, ಬೇಕೆಂದೇ ಹೋಗಿರಲಿಲ್ಲ. ಇನ್ನೊಂದನ್ನು ಟಿಕೆಟ್ ಕೌಂಟರ್ ಪಕ್ಕ ನಿಲ್ಲಿಸಿದ್ದೇವೆ. ತಿಂಗಳಿಗೊಮ್ಮೆ ಎಣ್ಣೆ ಬಿಡುತ್ತೇನೆ. ಮಕ್ಕಳು ಚಕ್ರ ತಿರುಗಿಸಲು ಅಡ್ಡಿಯಿಲ್ಲ. ಮಗನನ್ನು ಕರೆತನ್ನಿ, ಭಾನುವಾರ ಸಂಜೆ ಮಾತ್ರ ಬೇಡ. ಅವತ್ತು ಗೇಟಿನಲ್ಲಿ ಟಿಕೆಟ್ ಹರಿಯುವವನೂ ನಾನೇ.